ಅಕ್ಕ ಹೇಳಿದಳು, ‘ಇದು ನಮ್ಮ ಕಾಂಟ್ರಾ ಅಲ್ಲ’

ದಸರಾ ರಜೆಗೆ ಅಕ್ಕ ಮನೆಗೆ ಬಂದಿದ್ದಳು. ಅವಳಿಗೊಂದು ಸರ್‌ಪ್ರೈಸ್ ಇರಲಿ ಅಂತ ಎರಡು ವಾರ ರಾತ್ರಿ ಕೂತು ಟಿವಿ ಕೆಳಗಿನ ಪುಟ್ಟ ಡಬ್ಬಿಯಲ್ಲಿ, ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಕಾಂಟ್ರಾ ವಿಡಿಯೋ ಗೇಮ್ ಕೂರಿಸಿದ್ದೆ. ಜಾಯ್‌ಸ್ಟಿಕ್ ಕೈಗೆ ಕೊಟ್ಟೆ. ಅವಳು ಯೋಚನೆಯನ್ನೇ ಮಾಡಲಿಲ್ಲ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಸೆಲೆಕ್ಟ್, ಸ್ಟಾರ್ಟ್. ಇಬ್ಬರಿಗೂ 30 ಲೈಫ್. ಯಾವ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ, ಬೀದಿಯ ಹುಡುಗರ ಬಾಯಿಂದ ಬಾಯಿಗೆ ಬಂದದ್ದು. ಬೆರಳು ಮರೆತೇ ಇರಲಿಲ್ಲ.

ಎರಡು ನಿಮಿಷ ಆಡಿ ಕೆಳಗಿಟ್ಟಳು. “ಇದು ನಮ್ಮ ಕಾಂಟ್ರಾ ಅಲ್ಲ ಕಣೋ. ಇದು ಜಾಸ್ತಿ ಓಡ್ತಿದೆ.”

ನಕ್ಕುಬಿಟ್ಟೆ. ವಯಸ್ಸಾಯ್ತು, ನೀನೇ ನಿಧಾನ ಆಗಿದ್ದೀಯ ಅಂದೆ. ಸಾಫ್ಟ್‌ವೇರ್‌ನವನು ಅನ್ನೋ ಕೊಬ್ಬು ನೋಡಿ. ಅವಳು ಹೇಳಿದ್ದೇ ಸರಿ ಇತ್ತು. ಅದಕ್ಕೇ ಈ ಬರಹ.

ಮೊದಲು ಡಬ್ಬಿಯ ವಿಷಯ. ನಮ್ಮಲ್ಲಿ ಟಿವಿಗೆ ರಾಸ್ಪ್‌ಬೆರಿ ಪೈ 4 ಅನ್ನುವ ಪುಟಾಣಿ ಕಂಪ್ಯೂಟರ್ ಸಿಕ್ಕಿಸಿದ್ದೇನೆ. ಅದರಲ್ಲಿ ಲಿಬ್ರೆಎಲೆಕ್, ಅಂದರೆ ಆನ್ ಮಾಡಿದರೆ ನೇರವಾಗಿ ಕೋಡಿ (ಸಿನಿಮಾ, ಹಾಡು ಹಾಕುವ ಸಾಫ್ಟ್‌ವೇರ್) ತೆರೆಯುವ ಒಂದು ಸಣ್ಣ ಲಿನಕ್ಸ್. ಅಪ್ಪ ಅಮ್ಮ ಹಳೆಯ ಸಿನಿಮಾ, ಭಾವಗೀತೆ ಎಲ್ಲ ಅದರಲ್ಲೇ ಹಾಕಿಕೊಳ್ಳುತ್ತಾರೆ, ಟಿವಿಯ ರಿಮೋಟ್‌ನಲ್ಲೇ. ಕೋಡಿ ಹುಟ್ಟಿದ್ದೇ ಗೇಮ್ ಆಡುವ ಮೆಷಿನ್ ಒಳಗೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಹಳೆಯ ಎಕ್ಸ್‌ಬಾಕ್ಸ್‌ನಲ್ಲಿ ಸಿನಿಮಾ ನೋಡಲು ಮಾಡಿದ ‘ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್’ ಅದು. 2014ರಲ್ಲಿ ಹೆಸರು ಕೋಡಿ ಆಯಿತು. 2019ರಲ್ಲಿ ಬಂದ 18ನೇ ಆವೃತ್ತಿಯಲ್ಲಿ ರೆಟ್ರೋಪ್ಲೇಯರ್ ಸೇರಿ, ಅದರೊಳಗೇ ಗೇಮ್ ಆಡುವ ಹಾಗಾಯಿತು. ಮದುವೆಯಾಗಿ ಹೋದವಳು ತವರಿಗೆ ಬಂದ ಹಾಗೆ.

ಇದರ ಬಗ್ಗೆ ಕೇಳಿದರೆ ಜನ ಸಾಮಾನ್ಯವಾಗಿ ರೆಟ್ರೋಪೈ ಹಾಕು, ಬಟೊಸೆರಾ ಹಾಕು, ಲಕ್ಕ ಹಾಕು ಅನ್ನುತ್ತಾರೆ. ಎಲ್ಲವೂ ಒಳ್ಳೆಯವೇ. ಗೇಮ್‌ಗೆ ಅಂತಲೇ ಮಾಡಿದ್ದು, ಅಲಂಕಾರವೂ ಜಾಸ್ತಿ. ಆದರೆ ಅವು ಲಿಬ್ರೆಎಲೆಕ್‌ನ ಜಾಗದಲ್ಲಿ ಕೂರುತ್ತವೆ. ಈಗಿರುವ ಕೋಡಿಯನ್ನು ಹಾಗೇ ಇಟ್ಟುಕೊಳ್ಳಬೇಕೆಂದರೆ ಗೇಮ್ ಬೇಕಾದಾಗ ಒಂದು ಮೆಮೊರಿ ಕಾರ್ಡ್, ಸಿನಿಮಾ ಬೇಕಾದಾಗ ಇನ್ನೊಂದು. ಆ ಕಾರ್ಡ್ ಬದಲಾಯಿಸುವವನು ಮನೆಯಲ್ಲಿ ನಾನೊಬ್ಬನೇ. ಮೂರನೇ ವಾರಕ್ಕೆ ಅದು ಡ್ರಾಯರ್ ಸೇರುತ್ತದೆ. ಕೋಡಿಯೊಳಗೆ ಒಂದು ಆಡ್-ಆನ್ ಹಾಕಿದರೆ, ಸಿನಿಮಾ, ಹಾಡುಗಳ ಪಕ್ಕದಲ್ಲೇ ಗೇಮ್ ಕೂರುತ್ತದೆ. ಅಮ್ಮ ಕೂಡ ತೆರೆಯಬಲ್ಲಳು. ಸ್ವಲ್ಪ ಸೌಲಭ್ಯ ಕಡಿಮೆಯಾದರೂ ನನ್ನ ವೋಟು ಇದಕ್ಕೇ.

ಹಾಕುವುದೇನೂ ದೊಡ್ಡ ವಿದ್ಯೆ ಅಲ್ಲ. ಗೇಮ್ ಆಡ್-ಆನ್‌ಗಳ ಪಟ್ಟಿಯಲ್ಲಿ ಎಫ್‌ಸಿಇಯುಎಂಎಂ ಅಥವಾ ನೆಸ್ಟೋಪಿಯಾ ಅನ್ನುವ ಎಮ್ಯುಲೇಟರ್ (ಹಳೆಯ ನಿಂಟೆಂಡೋ ಗೇಮ್ ಮೆಷಿನ್‌ನಂತೆ ನಟಿಸುವ ಸಾಫ್ಟ್‌ವೇರ್) ಆರಿಸಿ, ಗೇಮ್ ಫೈಲ್ ಇರುವ ಫೋಲ್ಡರ್ ತೋರಿಸಿ, ಜಾಯ್‌ಸ್ಟಿಕ್‌ನ ಬಟನ್‌ಗಳನ್ನು ಒಂದೊಂದಾಗಿ ಒತ್ತಿ ಪರಿಚಯ ಮಾಡಿಕೊಡಿ. ಮುಗಿಯಿತು. ಹಳೆಯ ನಿಂಟೆಂಡೋದ ಪ್ರೊಸೆಸರ್ ವೇಗ 1.79 ಮೆಗಾಹರ್ಟ್ಜ್, ಕೆಲಸಕ್ಕೆ ಇದ್ದ ಮೆಮೊರಿ 2 ಕೆಬಿ. ಪೈ 4ಕ್ಕೆ ಅದು ಲೆಕ್ಕಕ್ಕೇ ಇಲ್ಲ. ಇಡೀ ಕಾಂಟ್ರಾ 128 ಕೆಬಿ. ಫ್ಯಾಮಿಲಿ ಗ್ರೂಪ್‌ನಲ್ಲಿ ಬೆಳಿಗ್ಗೆ ಬರುವ ಶುಭೋದಯದ ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ.

ಕಾಟ ಕೊಟ್ಟಿದ್ದು ನಮ್ಮ ಟಿವಿ. ಬಟನ್ ಒತ್ತಿದ ಎಷ್ಟೋ ಹೊತ್ತಿಗೆ ಗೇಮ್‌ನ ಹೀರೋ ಹಾರುತ್ತಿದ್ದ. ಈಗಿನ ಟಿವಿಗಳು ಪ್ರತಿ ಚಿತ್ರವನ್ನೂ ಸ್ನೋ, ಪೌಡರ್ ಹಚ್ಚಿ ಅಂದ ಮಾಡಿಯೇ ಹೊರಗೆ ಬಿಡುವುದು. ಗೇಮ್ ಮೋಡ್‌ಗೆ ಹಾಕಿದರೆ ಅದು ನಿಲ್ಲುತ್ತದೆ. ಇದೊಂದು ಮಾಡದೆ ಎಮ್ಯುಲೇಟರ್‌ಗೆ ಬೈಯಬೇಡಿ. ಇನ್ನೊಂದು, ಚಿತ್ರವನ್ನು 4:3ರಲ್ಲೇ ಇಡಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. “ದುಡ್ಡು ಕೊಟ್ಟಿದ್ದು ಪೂರ್ತಿ ಟಿವಿಗೆ ಅಲ್ವಾ” ಅಂತ ಅಪ್ಪ ಈಗಲೂ ಗೊಣಗುತ್ತಾರೆ. ಇರಲಿ. ಎಳೆದು ಅಗಲ ಮಾಡಿದರೆ ಹೀರೋ ಗೋಣಿಚೀಲದ ಹಾಗೆ ಕಾಣುತ್ತಾನೆ.

ಅಪ್ಪನ ಇನ್ನೊಂದು ಪ್ರಶ್ನೆ, “ಬಾತುಕೋಳಿ ಹೊಡೆಯೋ ಗನ್ ಎಲ್ಲಿ?” ಅದು ಇಲ್ಲಿ ಆಗುವುದಿಲ್ಲ. ಆ ಗನ್‌ನಿಂದ ಏನೂ ಹೊರಗೆ ಬರುತ್ತಿರಲಿಲ್ಲ, ಅದು ಬೆಳಕು ನೋಡುವ ಕಣ್ಣು ಅಷ್ಟೆ. ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ಮೂಡುತ್ತಿತ್ತು. ಗನ್‌ಗೆ ಆ ಬಿಳಿ ಕಂಡರೆ ಗುರಿ ಸರಿ. ಹಳೆಯ ಡೂಮ್ ಟಿವಿಯಲ್ಲಿ ಅದು ಆಗಿಂದಾಗಲೇ ಆಗುತ್ತಿತ್ತು. ಈಗಿನ ಟಿವಿ ಮೇಕಪ್ ಮುಗಿಸುವಷ್ಟರಲ್ಲಿ ಗನ್ ನೋಡಿ ಮುಗಿದಿರುತ್ತದೆ. ಟ್ಯೂಬ್‌ಲೈಟ್‌ಗೆ ಗುರಿಯಿಟ್ಟು ಮೋಸ ಮಾಡಲು ನಾವೆಲ್ಲ ನೋಡಿದ್ದೆವು, ಆಗುತ್ತಿರಲಿಲ್ಲ. ಯಾಕೆ ಅಂತ ಈಗ ಗೊತ್ತಾಯಿತು. ಮೊದಲು ಕಪ್ಪು ಬರಲೇಬೇಕು.

ಈಗ ಅಕ್ಕನ ಮಾತಿಗೆ ಬರುತ್ತೇನೆ. ಅವಳು ಸಂಗೀತ ಕಲಿತವಳು. ನಾನು ನಕ್ಕಾಗ ಒಂದು ಮಾತು ಹೇಳಿದಳು, “ಶ್ರುತಿ ಸರಿ ಇದೆ, ಕಾಲ ಜಾಸ್ತಿ ಆಗಿದೆ.” ಅಂದರೆ ಸ್ವರದ ಎತ್ತರ ಸರಿ, ವೇಗ ಹೆಚ್ಚು. ಅದು ರಾತ್ರಿಯೆಲ್ಲ ತಲೆಯಲ್ಲಿ ಕೊರೆಯಿತು.

ನಮ್ಮ ದೇಶದ ಟಿವಿ ಪಾಲ್ ಪದ್ಧತಿ. ಸೆಕೆಂಡಿಗೆ 50 ಸಲ ಪರದೆ ಬದಲಾಗುತ್ತಿತ್ತು. ಅಮೆರಿಕ, ಜಪಾನ್‌ನಲ್ಲಿ 60 ಸಲ. ಆ ಕಾಲದ ಇಂಥ ಗೇಮ್‌ಗಳು ಗಡಿಯಾರ ನೋಡಿ ಓಡುವುದಿಲ್ಲ, ಪರದೆ ಒಂದು ಸಲ ಬದಲಾದರೆ ಒಂದು ಹೆಜ್ಜೆ ಇಡುತ್ತವೆ. ಅಲ್ಲಿ ಒಂದು ನಿಮಿಷದ ಓಟ ಇಲ್ಲಿ 72 ಸೆಕೆಂಡು. ಅಂದರೆ ನಾವು ಬೇಸಿಗೆ ರಜೆಯೆಲ್ಲ ಆಡಿದ ಕಾಂಟ್ರಾ, ಮಾರಿಯೋ ಎಲ್ಲವೂ ನಿಧಾನವಾಗಿದ್ದವು. ನನ್ನ ಹತ್ತಿರ ಇರುವುದು ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗ ಅಲ್ಲಿನ ಗರಾಜ್ ಸೇಲ್‌ನಲ್ಲಿ ಕೊಂಡು ತಂದ ಅಮೆರಿಕದ ಕ್ಯಾಸೆಟ್. ಯುಎಸ್‌ಬಿ ರೀಡರ್‌ನಲ್ಲಿ ಅದನ್ನು ಫೈಲ್ ಮಾಡಿಕೊಂಡಿದ್ದೆ. ಅದು 60ರ ಮಗು, ಓಡದೆ ಇನ್ನೇನು ಮಾಡುತ್ತದೆ?

ಮರುದಿನ ಆಡ್-ಆನ್ ಸೆಟ್ಟಿಂಗ್‌ನಲ್ಲಿ ರೀಜನ್ ಅನ್ನುವುದನ್ನು ಪಾಲ್ ಮಾಡಿದೆ. ಅಕ್ಕ ಕಿವಿ ಕೊಟ್ಟು, “ಈಗ ಕಾಲ ಸರಿ, ಶ್ರುತಿ ಇಳೀತು” ಅಂದಳು. ಮತ್ತೆ ಅವಳೇ ಸರಿ! ಯುರೋಪಿಗೆ ಮಾರಿದ ಅಸಲಿ ಪಾಲ್ ನಿಂಟೆಂಡೋದ ಪ್ರೊಸೆಸರ್ ವೇಗವೂ ಕಡಿಮೆ, 1.66 ಮೆಗಾಹರ್ಟ್ಜ್. ಶಬ್ದ ಹುಟ್ಟುವುದು ಅದರಿಂದಲೇ, ಹಾಗಾಗಿ ಒಂದು ಸ್ವರಸ್ಥಾನಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಚಿಕ್ಕವರಿದ್ದಾಗ ನಾವು ಆಡಿದ್ದು ಅಸಲಿ ನಿಂಟೆಂಡೋ ಅಲ್ಲವಲ್ಲ, ಅದರ ನಕಲು. ಪಾಲ್ ಟಿವಿಗಾಗಿ ತಯಾರಾದ ಡೂಪ್ಲಿಕೇಟ್ ಮೆಷಿನ್‌ಗಳಲ್ಲಿ ಹೆಚ್ಚಿನವು ಪರದೆಯನ್ನು 50 ಸಲ ಬದಲಾಯಿಸಿದರೂ ಪ್ರೊಸೆಸರನ್ನು 1.77ರಲ್ಲಿ ಓಡಿಸುತ್ತಿದ್ದವು. ಆ ಬಗೆಯದೇ ಒಂದು ಮೆಷಿನ್ ರಷ್ಯಾದಲ್ಲಿ 1992ರಲ್ಲಿ ‘ಡೆಂಡಿ’ ಅನ್ನುವ ಹೆಸರಲ್ಲಿ ಬಂದು ಮನೆಮಾತಾಯಿತು. ಅದಕ್ಕೇ ಎಮ್ಯುಲೇಟರ್‌ಗಳಲ್ಲಿ ಡೆಂಡಿ ಅಂತಲೇ ಒಂದು ಆಯ್ಕೆ ಇದೆ. ಅದನ್ನು ಹಾಕಿ, ಟಿವಿಯನ್ನೂ ಕೋಡಿಯಿಂದ 50 ಹರ್ಟ್ಜ್‌ಗೆ ಇಳಿಸಿದೆ. ಇಲ್ಲದಿದ್ದರೆ ಚಿತ್ರ ಕುಂಟುತ್ತದೆ.

ಅಕ್ಕ ಏನೂ ಹೇಳಲಿಲ್ಲ. ಸುಮ್ನೆ ಆಡುತ್ತಾ ಕೂತಳು. ಮೂರನೇ ಸ್ಟೇಜ್‌ನ ಜಲಪಾತದಲ್ಲಿ ನನ್ನನ್ನು ಬಿಟ್ಟು ತಾನೊಬ್ಬಳೇ ಮೇಲೆ ಹಾರಿ, ಪರದೆ ಮೇಲಕ್ಕೆ ಸರಿದು ನಾನು ಸತ್ತೆ. ಆಗಲೂ ಅವಳು ಇದನ್ನೇ ಮಾಡುತ್ತಿದ್ದಳು.

ಇನ್ನು ಕಾನೂನಿನ ಮಾತು, ಯಾರಾದರೂ ಕೇಳಿಯೇ ಕೇಳುತ್ತಾರೆ. ಎಮ್ಯುಲೇಟರ್ ತಪ್ಪಲ್ಲ. ತಕರಾರು ಇರುವುದು ಗೇಮ್ ಫೈಲ್‌ಗಳದ್ದು. ನಮ್ಮ 1957ರ ಕಾಪಿರೈಟ್ ಕಾಯ್ದೆಯೂ ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿರುವವನಿಗೆ, ಹಾಳಾದರೆ ಇರಲಿ ಅಂತ ಒಂದು ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಬಿಡುತ್ತದೆ. ತಮಾಷೆ ಅಂದರೆ, ಅಟ್ಟದ ಮೇಲಿರುವ ನನ್ನ ಬಾಲ್ಯದ ‘9999 ಗೇಮ್’ ಕ್ಯಾಸೆಟ್‌ಗೆ ಈ ಮಾತು ಅನ್ವಯಿಸುವುದೇ ಇಲ್ಲ. ಅದೇ ಕದ್ದ ಮಾಲು. ಮೆಷಿನ್ ನಕಲಿ, ಕ್ಯಾಸೆಟ್ ನಕಲಿ, 9999ರಲ್ಲಿ ನಿಜವಾದ ಗೇಮ್ ಬೆರಳೆಣಿಕೆಯಷ್ಟು. ನಮ್ಮಪ್ಪ ಕೊಟ್ಟ ದುಡ್ಡು ಮಾತ್ರ ಅಸಲಿ.

ಹತ್ತು ಸಾವಿರ ಗೇಮ್ ತುಂಬಿದ ಹಾರ್ಡ್‌ಡಿಸ್ಕ್ ಕೊಳ್ಳುವವರಿಗೂ ಇದನ್ನೇ ಹೇಳುತ್ತೇನೆ. ಅದು ಆ 9999ರ ಕ್ಯಾಸೆಟ್ಟೇ, ಈ ಸಲ ಬೇರೆ ಡಬ್ಬಿಯಲ್ಲಿ. ಪಟ್ಟಿ ಸರಿಸುವುದರಲ್ಲೇ ಸಂಜೆ ಕಳೆಯುತ್ತದೆ. ನಮ್ಮ ಡಬ್ಬಿಯಲ್ಲಿ ಐದು ಗೇಮ್ ಇವೆ. ಅದರಲ್ಲೊಂದು ‘ನೋವಾ ದಿ ಸ್ಕ್ವಿರಲ್’, ಈಗಿನವರು ಹಳೆಯ ನಿಂಟೆಂಡೋಗೆ ಅಂತಲೇ ಬರೆದು ಉಚಿತವಾಗಿ ಕೊಟ್ಟದ್ದು. ಅಕ್ಕನ ಮಗನಿಗೆ ಕಾಂಟ್ರಾಗಿಂತ ಅದೇ ಇಷ್ಟ. ಆಟದ ಮಧ್ಯೆ ಸೇವ್ ಮಾಡುವುದನ್ನು ನಮ್ಮ ಮನೆಯಲ್ಲಿ ನಿಷೇಧಿಸಿದ್ದೇವೆ. ಆಗ ಕೊನೆಯ ಬಾಸ್ ಹತ್ತಿರ ಕರೆಂಟ್ ಹೋದರೆ ಹೋಯಿತು, ಅಷ್ಟೆ. ಈ ನಿಯಮಕ್ಕೆ ಅವನ ವಿರೋಧ ಇದೆ.

ಮೊನ್ನೆ ರಾತ್ರಿ ಅಕ್ಕನ ಫೋನ್. “ಒಂದು ಕೇಳ್ಬೇಕಿತ್ತು. ಮೊದಲ ಸ್ಟೇಜ್‌ನಲ್ಲಿ ಹಿಂದೆ ಮರ ಅಲ್ಲಾಡ್ತಿತ್ತಲ್ವಾ? ನಿಂದರಲ್ಲಿ ಸುಮ್ನೆ ನಿಂತಿವೆ.”

ಈ ಸಲ ನಗಲಿಲ್ಲ. ಹುಡುಕಿ ನೋಡಿದೆ. 1988ರ ಜಪಾನಿ ಕಾಂಟ್ರಾದಲ್ಲಿ ಮರ ಅಲ್ಲಾಡುತ್ತವೆ, ಅಮೆರಿಕದ್ದರಲ್ಲಿ ಇಲ್ಲ. ಜಪಾನಿ ಕ್ಯಾಸೆಟ್‌ಗೆ 60 ಪಿನ್, ನನ್ನ ರೀಡರ್ 72 ಪಿನ್‌ನದ್ದು. ಕಡಿಮೆ ಬೆಲೆಗೆ ಅಡಾಪ್ಟರ್ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಕೆಳಗೆ ಹಾಕಿ.