ಇಪ್ಪತ್ತು ನಿಮಿಷದ ಊಟಿ

ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಲ್ಲಿ ಊಟಿಗೆ ಇ-ಪಾಸ್ ಕಡ್ಡಾಯವಾದಾಗ ಮೈಸೂರು, ಬೆಂಗಳೂರಿನವರೆಲ್ಲ ಎದೆ ಬಡಿದುಕೊಂಡರು. ಆಮೇಲೆ ನೋಡಿದರೆ ಮೊಬೈಲಿನಲ್ಲಿ ಹೆಸರು, ಗಾಡಿ ನಂಬರು ತುಂಬಿದವರಿಗೆಲ್ಲ ಪಾಸು ಸಿಕ್ಕಿತು. ಕೇಳಿದವರಿಗೆಲ್ಲ ಕೊಡುವುದಾದರೆ ಅದನ್ನು ಅನುಮತಿ ಎನ್ನುವುದೇಕೆ, ಹಾಜರಿ ಪುಸ್ತಕ ಎಂದರೆ ಸಾಕಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ಮಿತಿಯೂ ಬಂತು: ವಾರದ ದಿನಗಳಲ್ಲಿ 6,000 ವಾಹನ, ವಾರಾಂತ್ಯದಲ್ಲಿ 8,000. ಜನ ಹೆಚ್ಚು ಬರುವ ದಿನ ಮಿತಿಯೂ ಹೆಚ್ಚು! ಶನಿವಾರ, ಭಾನುವಾರ ನೀಲಗಿರಿ ಬೆಟ್ಟ ತುಸು ಹಿಗ್ಗುತ್ತದೆಂದು ಕಾಣುತ್ತದೆ.

ಬೆಟ್ಟಕ್ಕೆ ಎಷ್ಟು ಗಾಡಿ ತಾಳೀತು ಎಂದು ಲೆಕ್ಕ ಹಾಕುವ ಕೆಲಸ ಐಐಟಿ ಮದ್ರಾಸಿನ ಜೊತೆಗೆ ನಮ್ಮ ಬೆಂಗಳೂರಿನ ಐಐಎಂಗೂ ಬಿತ್ತು. ಬನ್ನೇರುಘಟ್ಟ ರಸ್ತೆಯಲ್ಲಿ ವಾಸವಿರುವ ಸಂಸ್ಥೆಗೆ ವಾಹನದಟ್ಟಣೆಯ ಅನುಭವ ಸಾಲದು ಎಂದು ಯಾವ ಕೋರ್ಟೂ ಹೇಳಲಾರದು.

ಇಷ್ಟಾದರೂ ಒಂದು ದಿನದ ಊಟಿ ಪ್ರವಾಸಕ್ಕೆ ಕುಂದೇನೂ ಬಂದಿಲ್ಲ. ಮೈಸೂರಿನಲ್ಲಿ ಬೆಳಗ್ಗೆ ಹತ್ತಿ ರಾತ್ರಿ ಇಳಿಯುವ ಈ ಯಾತ್ರೆಯ ಕರಪತ್ರ ನೋಡಬೇಕು: ಬಂಡೀಪುರ, ಪೈಕಾರ, ಶೂಟಿಂಗ್ ಸ್ಪಾಟ್, ಬೊಟಾನಿಕಲ್ ಗಾರ್ಡನ್, ಗುಲಾಬಿ ತೋಟ, ದೊಡ್ಡಬೆಟ್ಟ, ಚಹಾ ಕಾರ್ಖಾನೆ, ಚಾಕೊಲೇಟ್ ಅಂಗಡಿ, ಬೋಟ್ ಹೌಸ್. ಬಂಡೀಪುರ ಎಂದರೆ ಕಿಟಕಿಯಿಂದ ಕಂಡಷ್ಟು. ಉಳಿದುದಕ್ಕೆಲ್ಲ ಗೈಡ್ ಮಹಾಶಯರದು ಒಂದೇ ಮಂತ್ರ: "ಇಪ್ಪತ್ತು ನಿಮಿಷ ಸಾರ್, ಇಪ್ಪತ್ತೇ ನಿಮಿಷ." 1848ರಿಂದ ಬೆಳೆಯುತ್ತಿರುವ ಸಸ್ಯೋದ್ಯಾನಕ್ಕೂ ಅಷ್ಟೇ, ಶೌಚಾಲಯದ ಸಾಲಿಗೂ ಅಷ್ಟೇ. ಹೆಂಗಸರು ಸಾಲಿನಿಂದ ಹೊರಬರುವಷ್ಟರಲ್ಲಿ ಉದ್ಯಾನ ಮುಗಿದಿರುತ್ತದೆ. 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಮೇಲೆ ಮಂಜು ಕವಿದಿದ್ದರೆ ಚಿಂತೆಯಿಲ್ಲ, ಅಲ್ಲಿ ದೂರದರ್ಶಕವಿದೆ. ಮಂಜನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು. ಚಾಕೊಲೇಟ್ ಅಂಗಡಿಯಲ್ಲಿ ಮಾತ್ರ ಗೈಡಿಗೆ ಗಡಿಯಾರ ಮರೆತುಹೋಗುತ್ತದೆ. ಯಾಕೆಂದು ನಿಮಗೂ ಗೊತ್ತು, ಅಂಗಡಿಯವನಿಗೂ ಗೊತ್ತು.

ಈ ಅವಸರಕ್ಕೆಲ್ಲ ಕಾರಣ ಆನೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂಡೀಪುರದ ಹೆದ್ದಾರಿಯಲ್ಲಿ ನಮಗೆ ಪ್ರವೇಶವಿಲ್ಲ. 2009ರಿಂದ ಇದೇ ನಿಯಮ. ದಿನದ ಹದಿನೈದು ಗಂಟೆ ನಮ್ಮದು, ಒಂಬತ್ತು ಗಂಟೆ ಕಾಡಿನದು. ಅದೂ ಹೆಚ್ಚಾಯಿತು ಎನ್ನುವವರಿದ್ದಾರೆ. ಆಗಾಗ ಯಾರಾದರೊಬ್ಬ ಮುಖಂಡರು ನಿಷೇಧ ತೆಗೆಯಬೇಕೆಂದು ಹೇಳಿಕೆ ಕೊಟ್ಟು, ಮರುದಿನ "ನಾನು ಹಾಗೆ ಹೇಳಿಲ್ಲ" ಎನ್ನುವುದು ವಾಡಿಕೆ. ಹಗಲಿನಲ್ಲಿ ನಾವೇನು ಮಾಡುತ್ತೇವೆ ಎಂಬುದಕ್ಕೆ 2025ರ ಆಗಸ್ಟ್‌ನ ಸುದ್ದಿ ನೆನಪಿರಬೇಕು. ಇದೇ ಊಟಿ ರಸ್ತೆಯಲ್ಲಿ ಆನೆಯ ಜೊತೆ ಸೆಲ್ಫಿಗೆ ಹೋದವರೊಬ್ಬರು ತುಳಿಸಿಕೊಂಡು, ಪುಣ್ಯಕ್ಕೆ ಬದುಕಿ, ಅರಣ್ಯ ಇಲಾಖೆಗೆ 25,000 ರೂಪಾಯಿ ದಂಡ ಕಟ್ಟಿದರು. ಅದರಲ್ಲಿ ಆನೆಗೆ ಪಾಲು ಬಂದ ವರದಿಯಿಲ್ಲ.

ಕೆಕ್ಕನಹಳ್ಳದಲ್ಲಿ ರಾಜ್ಯದ ಗಡಿ ದಾಟಿದರೆ ತಪಾಸಣೆ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ. ಒಳ್ಳೆಯ ನಿಯಮ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಮಕ್ಕಳ ಚೀಲದಿಂದಲೂ ಬಾಟಲಿ ಹೊರಬರುತ್ತದೆ. ಇನ್ನು ಸರ್ಕಾರಿ ಮದ್ಯದಂಗಡಿಯ ಖಾಲಿ ಬಾಟಲಿಯನ್ನು ಹಿಂದಿರುಗಿಸಿದರೆ 10 ರೂಪಾಯಿ ವಾಪಸು. ಗಾಜನ್ನು ಕಾಡಿಗೆ ಎಸೆದು ಆನೆಯ ಕಾಲು ಕೊಯ್ಯಬಾರದೆಂದು ಕೋರ್ಟ್ ಮಾಡಿಸಿದ ವ್ಯವಸ್ಥೆ ಅದು, ಅದೂ ಒಳ್ಳೆಯದೇ. ಆದರೆ ನೀರು ಕುಡಿಯುವವನಿಗೆ ದಂಡ, ಬ್ರಾಂಡಿ ಕುಡಿಯುವವನಿಗೆ ಚಿಲ್ಲರೆ ಎಂಬ ಲೆಕ್ಕವನ್ನು ಹಿಂದಿನ ಸೀಟಿನ ಯುವಕರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಕೊನೆಗೆ ಕೆರೆ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ತೊರೆಗಳಿಗೆ ಕಟ್ಟೆ ಹಾಕಿಸಿ ಮಾಡಿಸಿದ್ದು. ಆಗ ಅದು ಈಗಿನದಕ್ಕಿಂತ ದೊಡ್ಡದಿತ್ತು. ಇಂದಿನ ಬಸ್ ನಿಲ್ದಾಣದ ಜಾಗ, ರೇಸ್ ಕೋರ್ಸ್ ಇದ್ದ ಜಾಗ ಎಲ್ಲವೂ ಆಗ ಕೆರೆಯೇ. ಆದ್ದರಿಂದ ಬಸ್ ನಿಲ್ದಾಣದಲ್ಲಿ ಇಳಿಸಿ "ಕೆರೆ ದರ್ಶನ ಆಯಿತು, ಹತ್ತಿ" ಎಂದು ಗೈಡ್ ಹೇಳಿದರೂ ಅದು ಸುಳ್ಳಲ್ಲ. ಉಳಿದಿರುವ ಕೆರೆಗೆ ಕೋಡಪ್ಪಮಂದು ಕಾಲುವೆ ಊರಿನ ಕೊಳಚೆಯನ್ನು ತಂದು ಸುರಿಯುತ್ತಾ ಬಂದಿದೆ. ಅದರ ಮೇಲೆ ನಾವು ಕಾಸು ಕೊಟ್ಟು ಪೆಡಲ್ ತುಳಿಯುತ್ತೇವೆ, ಮೂಗು ಮುಚ್ಚಿಕೊಂಡು ಫೋಟೋಗೆ ನಗುತ್ತೇವೆ.

ಇದರಲ್ಲಿ ನಗಲು ಏನೂ ಇಲ್ಲ. ಸೀಸನ್ನಿನಲ್ಲಿ ದಿನಕ್ಕೆ 20,000 ವಾಹನ ಬರುತ್ತವೆಂದು ಕೋರ್ಟಿಗೆ ಲೆಕ್ಕ ಕೊಟ್ಟ ಸರ್ಕಾರಕ್ಕೆ, ಅಷ್ಟು ಜನರ ಹೊಲಸು ಎಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಿತಿ ಬಂದ ಮರುದಿನವೇ ಬಾಗಿಲು ಹಾಕಿ ಮುಷ್ಕರ ಹೂಡಿದ ವರ್ತಕರಿಗೂ ಗೊತ್ತಿತ್ತು. ನಮಗಂತೂ ಮೂಗೇ ಹೇಳುತ್ತದೆ. ಆದರೂ ಮುಂದಿನ ಬೇಸಿಗೆಗೆ ಮತ್ತೆ ಸೀಟು ಕಾಯ್ದಿರಿಸುತ್ತೇವೆ, ಮತ್ತೆ ಪಾಸು ಪಡೆಯುತ್ತೇವೆ.

ವಾಪಸು ದಾರಿಯಲ್ಲಿ ಬಸ್ಸು ಗೂಡಲೂರಿನ ಇಳಿಜಾರಿನಲ್ಲಿ ಸುಯ್ಯನೆ ಇಳಿಯುತ್ತದೆ, ಒಂಬತ್ತಕ್ಕೆ ಮುಂಚೆ ಕಾಡು ದಾಟಬೇಕಲ್ಲ. ಗೈಡ್ ಮೈಕು ಹಿಡಿದು ಅಂತ್ಯಾಕ್ಷರಿ ಆಡಿಸುತ್ತಾನೆ. ಬೆಳಗಿನ ಜಾವದಿಂದ ಸ್ಟಿಯರಿಂಗ್ ಹಿಡಿದಿರುವ ಚಾಲಕ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾನೆ. ನಾಳೆ ಬೆಳಗ್ಗೆ ಅವನಿಗೆ ಇದೇ ಬಸ್ಸು, ಇದೇ ದಾರಿ. ಚೆಕ್‌ಪೋಸ್ಟಿನಲ್ಲಿ ಪಾಸು ನೋಡುತ್ತಾರೆ, ಬಾಟಲಿ ಹುಡುಕುತ್ತಾರೆ. ನಿನ್ನೆ ಎಷ್ಟು ಹೊತ್ತು ಮಲಗಿದ್ದೆಯಪ್ಪಾ ಎಂದು ಅವನನ್ನು ಕೇಳುವವರಿಲ್ಲ.