ಫ್ಲೈವೇ ಬೇಕಿರುವುದು ಸಣ್ಣ ಆಫೀಸುಗಳಿಗೇ

ಮಂಗಳೂರಿನ ಸಣ್ಣ ಸಾಫ್ಟ್‌ವೇರ್ ಆಫೀಸುಗಳಲ್ಲಿ ಜಾವಾ ಬರೆಯುವವರ ಹತ್ತಿರ ಫ್ಲೈವೇ (ಡೇಟಾಬೇಸಿನ ಟೇಬಲ್‌ಗಳಿಗೆ ಮಾಡುವ ಬದಲಾವಣೆಗಳನ್ನು ಓಡಿಸಿ ಲೆಕ್ಕ ಇಡುವ ಟೂಲ್) ಅಂದರೆ ಸಾಕು, "ಅದೆಲ್ಲ ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಮಾರಾಯ, ನಮ್ಮದು ಎಷ್ಟು ಟೇಬಲ್ ಉಂಟು?" ಅನ್ನುತ್ತಾರೆ. ನನಗೆ ಕಾಣುವುದು ಉಲ್ಟಾ.

ದೊಡ್ಡವರಲ್ಲಿ ಡೇಟಾಬೇಸ್ ನೋಡಿಕೊಳ್ಳಲೆಂದೇ ಜನ ಇರುತ್ತಾರೆ. ನಾವು ಒಂದೇ ಬಿಲ್ಲಿಂಗ್ ಸಾಫ್ಟ್‌ವೇರನ್ನು ಕಾರ್ಕಳದ ಗೇರುಬೀಜ ಫ್ಯಾಕ್ಟರಿಗೂ, ಮಲ್ಪೆಯ ಐಸ್ ಪ್ಲಾಂಟಿಗೂ, ಪುತ್ತೂರಿನ ಸಹಕಾರಿ ಸಂಘಕ್ಕೂ ಕೊಟ್ಟಿರುತ್ತೇವೆ. ಒಬ್ಬೊಬ್ಬರ ಸರ್ವರ್ ಒಂದೊಂದು ಕಡೆ. ಯಾರ ಟೇಬಲ್‌ನಲ್ಲಿ ಎಚ್‌ಎಸ್‌ಎನ್ ಕೋಡಿನ (ಜಿಎಸ್‌ಟಿ ಬಿಲ್ಲಿನಲ್ಲಿ ಸರಕಿನ ಬಗೆ ತೋರಿಸುವ ನಂಬರ್) ಕಾಲಂ ಸೇರಿದೆ, ಯಾರದ್ದರಲ್ಲಿ ಇಲ್ಲ ಎಂಬುದು ಸಪೋರ್ಟ್ ಹುಡುಗನಿಗೆ ಮಾತ್ರ ಗೊತ್ತು. ಅವನಿಗೆ ದುಬೈ ವೀಸಾ ಬಂತು ಅಂದರೆ ಕತೆ ಮುಗಿಯಿತು!

ಫ್ಲೈವೇ ಮಾಡುವ ಕೆಲಸ ಸರಳ. ಬದಲಾವಣೆಗಳನ್ನು ವಿ1, ವಿ2 ಎಂದು ನಂಬರ್ ಹಾಕಿ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆದೇಶ ಬರೆಯುವ ಭಾಷೆ) ಫೈಲುಗಳಲ್ಲಿ ಇಡಬೇಕು. ಯಾವುದು ಓಡಿದೆ ಎಂಬ ಲೆಕ್ಕ ಆ ಗ್ರಾಹಕನ ಡೇಟಾಬೇಸ್‌ನಲ್ಲೇ ಒಂದು ಟೇಬಲ್‌ನಲ್ಲಿರುತ್ತದೆ. ಆ್ಯಪ್ ಶುರುವಾಗುವಾಗ ಬಾಕಿ ಇದ್ದವು ಮಾತ್ರ ಸಾಲಾಗಿ ಓಡುತ್ತವೆ. ಓಡಿದ ಫೈಲನ್ನು ಆಮೇಲೆ ಯಾರಾದರೂ ತಿದ್ದಿದರೆ ಚೆಕ್‌ಸಮ್ (ಫೈಲಿನಲ್ಲಿ ಇರುವುದರಿಂದ ಲೆಕ್ಕ ಹಾಕಿಟ್ಟ ಗುರುತಿನ ಸಂಖ್ಯೆ) ತಾಳೆಯಾಗದೆ ಆ್ಯಪ್ ಏಳುವುದೇ ಇಲ್ಲ. ಕೆಲವರಿಗೆ ಇದು ಕಿರಿಕಿರಿ. ನನಗೆ ಇಷ್ಟವಾಗುವುದೇ ಇದು.

"ಹೈಬರ್ನೇಟ್ ತಾನೇ ಟೇಬಲ್ ಮಾಡ್ತದಲ್ಲ" ಎಂಬ ವಾದವೂ ಉಂಟು. ಹೈಬರ್ನೇಟ್ ಅಂದರೆ ಜಾವಾ ಕೋಡನ್ನು ಟೇಬಲ್‌ಗಳಿಗೆ ಜೋಡಿಸುವ ಲೈಬ್ರರಿ. ಮಾಡುತ್ತದೆ, ಸರಿ. ಆದರೆ ಅದರ ಟೇಬಲ್ ಮಾಡುವ ಸೆಟ್ಟಿಂಗನ್ನು ಅಪ್‌ಡೇಟ್ ಎಂದು ಇಟ್ಟು ಒಂದು ಫೀಲ್ಡಿನ ಹೆಸರು ಬದಲಿಸಿ ನೋಡಿ. ಹೊಸ ಹೆಸರಲ್ಲಿ ಖಾಲಿ ಕಾಲಂ ಬರುತ್ತದೆ. ಡೇಟಾ ಹಳೇ ಕಾಲಂನಲ್ಲೇ ಕೂತಿರುತ್ತದೆ. ಕಾಲೇಜಿನ ಪ್ರಾಜೆಕ್ಟಿಗೆ ನಡೆಯುತ್ತದೆ, ಗೇರುಬೀಜದ ಸ್ಟಾಕಿಗೆ ನಡೆಯುತ್ತಾ? ಗ್ರಾಹಕನ ಕಡೆ ಆ ಸೆಟ್ಟಿಂಗನ್ನು ವ್ಯಾಲಿಡೇಟ್‌ಗೆ (ಟೇಬಲ್ ಸರಿಯಿದೆಯಾ ಎಂದು ನೋಡುತ್ತದೆ, ಬದಲಿಸುವುದಿಲ್ಲ) ಇಟ್ಟುಬಿಡಿ.

ಫ್ಲೈವೇ ಸೇರಿಸುವುದು ಮೇವನ್ (ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳನ್ನು ತರುವ ಟೂಲ್) ಫೈಲಿನಲ್ಲಿ ನಾಲ್ಕಾರು ಸಾಲು, ಅಷ್ಟೇ. ಹೊಸ ಆವೃತ್ತಿಗಳಲ್ಲಿ ಫ್ಲೈವೇಯ ಕೋರ್ ಲೈಬ್ರರಿ ಒಂದೇ ಸಾಲದು, ಮೈಎಸ್‌ಕ್ಯೂಎಲ್‌ಗೋ ಪೋಸ್ಟ್‌ಗ್ರೆಸ್‌ಗೋ, ನಿಮ್ಮ ಡೇಟಾಬೇಸ್ ಯಾವುದೋ ಅದರದ್ದೇ ಮಾಡ್ಯೂಲ್ ಬೇಕು. 2019ರಲ್ಲಿ ರೆಡ್‌ಗೇಟ್ ಕಂಪನಿ ಫ್ಲೈವೇಯನ್ನು ಕೊಂಡಿತು, ಆದರೂ ಓಪನ್ ಸೋರ್ಸ್ ಕೋಡ್ ಪುಕ್ಕಟೆ ಬಳಸಬಹುದಾದ ಅಪಾಚೆ 2.0 ಲೈಸೆನ್ಸಿನಲ್ಲೇ ಇದೆ. ಓಡಿದ ಬದಲಾವಣೆಯನ್ನು ವಾಪಸ್ ತೆಗೆಯುವ ಅನ್‌ಡೂ ಸೌಲಭ್ಯಕ್ಕೆ ದುಡ್ಡು ಕೊಡಬೇಕು. ಅದಿಲ್ಲ ಅಂತ ಬೇಜಾರು ಮಾಡಬೇಡಿ, ಡ್ರಾಪ್ ಮಾಡಿ ಅಳಿಸಿದ ಕಾಲಂನ ಡೇಟಾ ಅನ್‌ಡೂ ಮಾಡಿದರೂ ಬರುವುದಿಲ್ಲ.

ನಿಜವಾದ ಕಷ್ಟ ಹಳೇ ಗ್ರಾಹಕರದ್ದು. ಬೇಸ್‌ಲೈನ್ (ಲೆಕ್ಕ ಇಲ್ಲಿಂದ ಶುರು ಎಂಬ ಗುರುತು) ಹಾಕಿದರೆ ಈಗಿರುವ ಟೇಬಲ್‌ಗಳನ್ನು ಫ್ಲೈವೇ ಹಾಗೇ ಒಪ್ಪಿಕೊಳ್ಳುತ್ತದೆ, ಒಬ್ಬರದ್ದಕ್ಕೂ ಇನ್ನೊಬ್ಬರದ್ದಕ್ಕೂ ಇರುವ ವ್ಯತ್ಯಾಸ ಸರಿ ಮಾಡುವುದಿಲ್ಲ. ಮೊದಲು ಎಲ್ಲರ ಸ್ಕೀಮಾ (ಟೇಬಲ್, ಕಾಲಂಗಳ ರಚನೆ) ತೆಗೆದು ಹೋಲಿಸಿ, ಒಂದೇ ಮಾಡಿ. ಮೈಎಸ್‌ಕ್ಯೂಎಲ್ ಇದ್ದರೆ ಒಂದು ಫೈಲಿಗೆ ಒಂದೇ ಆಲ್ಟರ್ (ಟೇಬಲ್ ಬದಲಿಸುವ ಆದೇಶ) ಬರೆಯಿರಿ. ಅಲ್ಲಿ ಆಲ್ಟರ್ ರೋಲ್‌ಬ್ಯಾಕ್ ಆಗಿ ಹಿಂದಿನ ಸ್ಥಿತಿಗೆ ಬರುವುದಿಲ್ಲ, ಹಲವು ಆಲ್ಟರ್ ಇರುವ ಫೈಲು ನಡುವೆ ನಿಂತರೆ ಅರ್ಧ ಬದಲಾವಣೆ ಹಾಗೇ ಉಳಿಯುತ್ತದೆ.