ಮದುವೆ ಪಂಕ್ತಿಯಲ್ಲಿ ಆಡಿನ ತಲೆ

ನಿನ್ನೆ ಶಿರಸಿ ಹತ್ತಿರ ಒಂದು ಮದುವೆ ಊಟ. ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತ ಹುಡುಗನ ಕಪ್ಪು ಟೀ ಶರ್ಟಿನ ಮೇಲೆ ತಲೆಕೆಳಗಾದ ನಕ್ಷತ್ರ, ಅದರೊಳಗೆ ಆಡಿನ ತಲೆ. ಅಪ್ಪೆಹುಳಿ ಬಡಿಸಲು ಬಂದವರು ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. "ಇದು ಸೈತಾನನ ಪೂಜೆ ಮಾಡುವವರ ಗುರುತು. ಎದ್ದೇಳು ಇಲ್ಲಿಂದ." ಹುಡುಗ ಅರ್ಧ ಊಟದಲ್ಲಿ ಎದ್ದು ಹೋದ. ಎಲೆಯಲ್ಲಿ ಅನ್ನ ಹಾಗೇ ಉಳಿಯಿತು. ನನಗೂ ತುತ್ತು ಇಳಿಯಲಿಲ್ಲ.

ಅದು ಚರ್ಚ್ ಆಫ್ ಸೇಟನ್ ಎಂಬ ಗುಂಪಿನ ಗುರುತು ಹೌದು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಂಟನ್ ಲಾವೇ ಎಂಬವನು ಕಟ್ಟಿದ್ದು. ಆದರೆ ಪೂಜೆ ಎಲ್ಲಿಂದ ಬಂತು? ಅವರು ದೇವರನ್ನೂ ನಂಬುವುದಿಲ್ಲ, ಸೈತಾನನನ್ನೂ ನಂಬುವುದಿಲ್ಲ. ಸೈತಾನ ಅಂದರೆ ಅವರಿಗೆ ಯಾರಿಗೂ ತಲೆಬಾಗದ ಮನುಷ್ಯ, ಅಷ್ಟೇ. ಅವರ ದೊಡ್ಡ ಹಬ್ಬ ಅವರವರ ಹುಟ್ಟುಹಬ್ಬ. ಚಿಕ್ಕ ಮಕ್ಕಳಿಗೆ ನೋವು ಮಾಡಬಾರದು ಅಂತ ಅವರ ನಿಯಮದಲ್ಲೇ ಬರೆದಿದೆ.

"ದೇವರೇ ಇಲ್ಲ ಅಂದಮೇಲೆ ಅದು ಧರ್ಮ ಹೇಗಾದೀತು, ಬರೀ ತತ್ವ" ಅಂತ ಕೈ ತೊಳೆಯುವಾಗ ಇನ್ನೊಬ್ಬರು ಹೇಳಿದರು. ಓದಿಕೊಂಡ ಕೆಲವರು ಹೇಳುವ ಮಾತೂ ಇದೇ. ನಾನು ಒಪ್ಪುವುದಿಲ್ಲ. ನಮ್ಮ ಸೋಂದೆಯಲ್ಲೇ ಜೈನ ಮಠ ಇದೆ ಅಲ್ವಾ? ಜಗತ್ತನ್ನು ಸೃಷ್ಟಿ ಮಾಡಿದ ದೇವರನ್ನು ಜೈನರು ಒಪ್ಪುವುದಿಲ್ಲ. ಹಾಗಂತ ಅದು ಧರ್ಮ ಅಲ್ಲ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ?

ತತ್ವಕ್ಕೆ ಒಂದು ಪುಸ್ತಕ ಸಾಕು. ಲಾವೇ ಅಲ್ಲಿಗೆ ನಿಲ್ಲಲಿಲ್ಲ. 1967ರ ಒಂದೇ ವರ್ಷದಲ್ಲಿ ತನ್ನ ಪದ್ಧತಿಯಲ್ಲಿ ಒಂದು ಮದುವೆ ಮಾಡಿಸಿದ, ಮೂರು ವರ್ಷದ ಸ್ವಂತ ಮಗಳಿಗೆ ದೀಕ್ಷೆ ಕೊಟ್ಟ, ನೌಕಾಪಡೆಯ ಒಬ್ಬನ ಅಂತ್ಯಸಂಸ್ಕಾರವನ್ನೂ ನಡೆಸಿದ. ಹುಟ್ಟಿದವರಿಗೆ, ಮದುವೆಯಾಗುವವರಿಗೆ, ಸತ್ತವರಿಗೆ ಒಂದೊಂದು ಕ್ರಮ ಇದೆ ಅಂದರೆ ಅದಕ್ಕೆ ನಾವು ಬೇರೆ ಏನು ಹೆಸರು ಕೊಡುತ್ತೇವೆ? 2013ರಲ್ಲಿ ಶುರುವಾದ ಸಟಾನಿಕ್ ಟೆಂಪಲ್ ಬೇರೆಯೇ ಗುಂಪು. ಅವರೂ ಸೈತಾನನನ್ನು ನಂಬುವವರಲ್ಲ. 2019ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಅದನ್ನು ಚರ್ಚ್ ಅಂತಲೇ ಒಪ್ಪಿಕೊಂಡಿತು. ನನ್ನ ಮಟ್ಟಿಗೆ ಲಾವೇ ಕಟ್ಟಿದ್ದೂ ಧರ್ಮವೇ. ನನಗೆ ಇಷ್ಟವಾಗದ ಮಾತು ಅದರಲ್ಲಿ ಬೇಕಾದಷ್ಟಿವೆ, ಅದು ಬೇರೆ ವಿಷಯ.

ಇಷ್ಟು ಸಿಟ್ಟು ಯಾಕೆ ಬಂತು ಅಂತ ಹೇಳಿಬಿಡುತ್ತೇನೆ. ಕಾರವಾರದ ಖಾಪ್ರಿ ದೇವರಿಗೆ ಜನ ಸಿಗರೇಟು, ಹೆಂಡ ಕೊಡುತ್ತಾರೆ. ನಮ್ಮ ಕಾನಿನ ದೇವತೆ ಚೌಡಿಗೆ ಕಾಯಿ ಒಡೆಯುತ್ತೇವೆ, ಕೆಲವರು ಕೋಳಿ ಕೊಡುತ್ತಾರೆ. ಕಾಲೇಜಿನ ದಿನಗಳಲ್ಲಿ ಪೇಟೆಯ ಗೆಳೆಯನೊಬ್ಬ ನಮ್ಮನೆಗೆ ಬಂದಿದ್ದ. ಚೌಡಿ ಕಟ್ಟೆಯ ಮುಂದೆ ನಿಂತು "ನೀವು ದೆವ್ವಕ್ಕೆ ಪೂಜೆ ಮಾಡ್ತೀರಾ?" ಅಂದ. ಕಾಯಿ ಒಡೆಯುತ್ತಿದ್ದ ಅಜ್ಜನ ಕೈ ಹಾಗೇ ನಿಂತಿತು. ನಾನು ಅವನ ಜೊತೆ ಸೇರಿ ನಕ್ಕೆ. ಅಜ್ಜ ಏನೂ ಅನ್ನಲಿಲ್ಲ. ಆ ನಗು ಇವತ್ತಿಗೂ ನನ್ನನ್ನು ಸುಡುತ್ತದೆ.

ನಿನ್ನೆ ಪಂಕ್ತಿಯಲ್ಲೂ ನಾನು ಬಾಯಿ ಬಿಡಲಿಲ್ಲ. ಊಟ ಮುಗಿದ ಮೇಲೆ ಹುಡುಕಿಕೊಂಡು ಹೋದೆ. ಹುಡುಗ ತೋಟದ ದಣಪೆ ಹತ್ತಿರ ಒಬ್ಬನೇ ನಿಂತಿದ್ದ. ಮುಂದಿನ ಸಲ ಚೌಡಿಗೆ ಕಾಯಿ ಒಡೆಯುವ ದಿನ ನಮ್ಮನೆಗೆ ಬಾ, ಈ ಶರ್ಟೇ ಹಾಕಿಕೊಂಡು ಬಾ, ಊಟಕ್ಕೆ ನನ್ನ ಪಕ್ಕವೇ ಕೂರು ಅಂತ ಹೇಳಿ ಬಂದಿದ್ದೇನೆ.